ಒಳದಾರಿಯ ಉಳಿತಾಯ

ನಿನ್ನೆ ಸಿಂದಗಿಯ ಗ್ಯಾರೇಜಿನಲ್ಲಿ ನನ್ನ ಹಳೆಯ ಕಾರಿನ ಅಡಿಗೆ ಮಲಗಿದ್ದ ಮೇಸ್ತ್ರಿ ಕೈ ಹೊರಚಾಚಿ ಗೇಣುದ್ದದ ಕರಕಲು ಬಳ್ಳಿಯೊಂದನ್ನು ಕೊಟ್ಟ. "ಏನ್ರಿ ಸರ ಇದು? ಯಾವಾಗಿಂದೋ ಸಿಕ್ಕೊಂಡು ಕುಂತೈತಿ ನೋಡ್ರಿ," ಎಂದ. ಮೂಸಿ ನೋಡಿದೆ. ಸುಟ್ಟ ಹುರುಳಿ ಹೊಟ್ಟಿನ ವಾಸನೆ ಇನ್ನೂ ಇತ್ತೋ, ನನ್ನ ಮೂಗಿಗೇ ಹಾಗೆ ಅನಿಸಿತೋ ಹೇಳಲಾರೆ.

ನಾನು ಜಿಪುಣನಲ್ಲ, ಹಿಡಿತದ ಮನುಷ್ಯ. ಹಾಗೆಂದು ನಾನೇ ಹೇಳಿಕೊಳ್ಳುತ್ತಿದ್ದೆ, ಬೇರೆ ಯಾರೂ ಹೇಳುತ್ತಿರಲಿಲ್ಲ. ತಂಪು ಹೊತ್ತಿನಲ್ಲಿ ಪೆಟ್ರೋಲು ದಟ್ಟವಾಗಿರುತ್ತದೆಂದು ಯಾರೋ ಹೇಳಿದ್ದಕ್ಕೆ ಹೊತ್ತು ಮೂಡುವ ಮೊದಲೇ ಪಂಪಿನ ಮುಂದೆ ನಿಲ್ಲುತ್ತಿದ್ದೆ. ಏಸಿಯ ಗುಂಡಿ ಮುಟ್ಟಿದವರ ಕಡೆ ಕಣ್ಣು ಕೆಂಪಗೆ ಮಾಡಿ ನೋಡುತ್ತಿದ್ದೆ. ಇಳಿಜಾರಿನಲ್ಲಿ ಎಂಜಿನ್ ಆರಿಸುವುದಂತೂ ನನಗೆ ವ್ರತ. ನಮ್ಮ ಬಯಲಿನಲ್ಲಿ ಇಳಿಜಾರು ಎಲ್ಲಿಂದ ಬರಬೇಕು ಹೇಳಿ? ಹಳ್ಳದ ಸೇತುವೆ ಕಂಡರೆ ಸಾಕು, ಹಬ್ಬವಾಗುತ್ತಿತ್ತು. ಒಮ್ಮೆ ಚಾಲೂ ಆದ ಗಾಡಿಯನ್ನು ನಡುದಾರಿಯಲ್ಲಿ ನಿಲ್ಲಿಸಬಾರದು, ಮತ್ತೆ ಶುರು ಮಾಡುವಾಗ ಪೆಟ್ರೋಲು ಕುಡಿಯುತ್ತದೆ ಎಂಬುದು ನನ್ನ ದೊಡ್ಡ ಸಿದ್ಧಾಂತ. ರಿಪೇರಿಯ ಮಾತು ಬಂದರೆ ಮೂಗಿಗಿಂತ ಮೂಗುತಿ ಭಾರ ಎಂದು ಮುಂದೂಡುತ್ತಿದ್ದೆ.

ಎರಡು ವರ್ಷದ ಹಿಂದೆ ಅಕ್ಕನ ಮಗಳು ರೇಣುಕಾಗೆ ಬಸವನ ಬಾಗೇವಾಡಿಯಲ್ಲಿ ನೌಕರಿಯ ಪರೀಕ್ಷೆ ಇತ್ತು. "ಬಸ್ಸಿಗೇ ಹೋಗ್ತೇವಿ ಮಾಮಾ, ಹೆಣ್ಮಕ್ಕಳಿಗೆ ಪುಕ್ಕಟೆ ಐತಲ್ಲ, ನಮಗೇನು ಟಿಕೆಟ್ಟಿಗೆ ರೊಕ್ಕ ಕೊಡೂದೈತಿ?" ಎಂದಳು. ನನಗೂ ಅಲ್ಲಿ ಒಬ್ಬ ಗೆಳೆಯನಿಗೆ ಜೋಳದ ಚೀಲ ಮುಟ್ಟಿಸುವುದಿತ್ತು, ನನ್ನ ಗಾಡಿಯಲ್ಲೇ ಬನ್ನಿ ಎಂದೆ. ಅಕ್ಕ ಪೆಟ್ರೋಲಿಗೆಂದು ಸ್ವಲ್ಪ ಹಣ ಮುಂದೆ ಹಿಡಿದಳು. ಬಾಯಲ್ಲಿ ಬೇಡ ಎಂದೆ, ಕೈಯಲ್ಲಿ ತೆಗೆದುಕೊಂಡೆ. ಚೀಲ ಮುಂದಿನ ಸೀಟಿನಲ್ಲಿ ಕುಳಿತಿತು, ಅಕ್ಕ ಮತ್ತು ರೇಣುಕಾ ಹಿಂದೆ ಕುಳಿತರು.

ದೇವರ ಹಿಪ್ಪರಗಿ ದಾಟಿ ದೊಡ್ಡ ರಸ್ತೆ ಬಿಟ್ಟು ಒಳದಾರಿ ಹಿಡಿದೆ. ನಾಲ್ಕು ಕಿಲೋಮೀಟರು ಉಳಿಯುತ್ತಿತ್ತು. ರಾಶಿಯ ದಿನಗಳು. ನಮ್ಮ ಕಡೆ ಈಗ ಕಣ ಯಾರು ಮಾಡುತ್ತಾರೆ? ಡಾಂಬರು ರಸ್ತೆಯೇ ಕಣ, ಹೋಗಿ ಬರುವ ಗಾಡಿಗಳೇ ಎತ್ತುಗಳು. ಕಿತ್ತ ಹುರುಳಿಯನ್ನು ರಸ್ತೆಯುದ್ದಕ್ಕೂ ಹರವಿದ್ದರು. ಟೈರಿಗೆ ಮೆತ್ತಗಾಯಿತು, ಸವೆತ ಕಡಿಮೆ ಎಂದು ಮನಸ್ಸಿನಲ್ಲೇ ಹಿಗ್ಗಿದೆ. ಹರವಿನ ಕೊನೆಗೆ ನಿಂತಿದ್ದ ಹೆಣ್ಣುಮಗಳೊಬ್ಬಳು ಎರಡೂ ಕೈ ಬೀಸಿ ಕೂಗಿದಳು. "ನಿಲ್ಲಸ್ರೀ! ಗಾಡಿ ಬುಡಕ ಬಳ್ಳಿ ಸುತ್ತಕೊಂಡೈತ್ರಿ!"

ನಾನು ನಿಲ್ಲಿಸಲಿಲ್ಲ. ಸಿದ್ಧಾಂತವಿತ್ತಲ್ಲ.

"ಆಕಿ ಏನೋ ಹೇಳಾಕತ್ತಾಳೋ ತಮ್ಮಾ," ಎಂದಳು ಅಕ್ಕ. "ಮುಂದ ತಾನ ಉದರತೈತಿ ಬಿಡು," ಎಂದೆ. ಒಂದು ಫರ್ಲಾಂಗೂ ಹೋಗಿರಲಿಲ್ಲ, ಕಾಲಡಿಯಿಂದ ಹೊಗೆ ಎದ್ದಿತು. ಕಾದ ಸೈಲೆನ್ಸರಿಗೆ ಸುತ್ತಿಕೊಂಡಿದ್ದ ಒಣಬಳ್ಳಿ ಹೊತ್ತಿಕೊಂಡಿತ್ತು. ಗಕ್ಕನೆ ನಿಲ್ಲಿಸಿ ಹೊರಗೆ ಹಾರಿದೆ. ಹಾರಿದವನು ಮೊದಲು ಏನು ಮಾಡಿದೆ ಗೊತ್ತೇ? ಕಾರು ಹೋಯಿತಲ್ಲ ಎಂದು ಮುಂದಕ್ಕೆ ಓಡಿ ಬಾನೆಟ್ ಎತ್ತಿದೆ. ಹಿಂದಿನ ಎರಡೂ ಬಾಗಿಲಿನ ಒಳಹಿಡಿಕೆ ಮುರಿದು ವರ್ಷವಾಗಿತ್ತು. ಹೊರಗಿನಿಂದ ತೆಗೆದರೆ ಮಾತ್ರ ತೆರೆಯುತ್ತಿದ್ದವು. ಅಕ್ಕ ಗಾಜು ಬಡಿಯುತ್ತಿದ್ದ ಸದ್ದನ್ನು ನಾನು ಎಂಜಿನ್ನಿನ ಸದ್ದೆಂದೇ ತಿಳಿದೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಬಾಗಿಲು ತೆರೆದವಳು ಆ ಹೆಣ್ಣುಮಗಳು. ಹಿಂದೆಯೇ ಓಡಿ ಬಂದು ಇಬ್ಬರನ್ನೂ ರಟ್ಟೆ ಹಿಡಿದು ಎಳೆದಳು. ಅವಳ ಗಂಡ ಹೊಲದ ಮಣ್ಣು ತೂರಿದ, ಕುಡಿಯುವ ನೀರಿನ ಕೊಡವನ್ನೇ ತಂದು ಸುರಿದ. ಬೆಂಕಿ ಆರಿತು. ಕಾರಿನ ಅಡಿಭಾಗ ಕಪ್ಪಾಗಿದ್ದು ಬಿಟ್ಟರೆ ಯಾರಿಗೂ ಏನೂ ಆಗಿರಲಿಲ್ಲ. ಅಷ್ಟರಲ್ಲಿ ಬಾಗೇವಾಡಿಯ ಬಸ್ಸು ಬಂದು ನಿಂತಿತು. ಅಕ್ಕ ಮಗಳನ್ನು ಹತ್ತಿಸಿ, ತಾನೂ ಒಂದು ಕಾಲು ಮೇಲಿಟ್ಟು ತಿರುಗಿ ಹೇಳಿದಳು: "ಇನ್ನ ನಿನ್ನ ಗಾಡಿ ಹತ್ತಂಗಿಲ್ಲ ನಾ."

ಆ ಹೆಣ್ಣುಮಗಳು ನನ್ನನ್ನು ಬದುವಿನ ಮೇಲೆ ಕೂರಿಸಿ ರೊಟ್ಟಿ ಕೊಟ್ಟಳು, ಜೊತೆಗೆ ಬೈಗುಳವನ್ನೂ. "ಒಂದ ನಿಮಿಷ ನಿಂತಿದ್ರ ನಿಮ್ಮ ಗಂಟೇನು ಹೋಗ್ತಿತ್ರಿ?" ನಾನು ರೊಟ್ಟಿ ತಿಂದೆ. ಮಧ್ಯಾಹ್ನ ರೇಣುಕಾಳ ಫೋನು ಬಂತು. "ಟೈಮಿಗೆ ಮುಟ್ಟಿದ್ವಿ ಮಾಮಾ, ಪೇಪರ್ ಚಲೋ ಆತು." ಅಪರಿಚಿತರ ಹೊಲದಲ್ಲಿ ಕುಳಿತು ಗಳಗಳ ಅತ್ತೆ. ಎದೆಯ ಮೇಲಿನ ಕಲ್ಲು ಇಳಿದಿತ್ತು.

ಮರುದಿನವೇ ಹಿಡಿಕೆ ಹಾಕಿಸಿದೆ. ರಸ್ತೆಯಲ್ಲಿ ರಾಶಿ ಕಂಡರೆ ದಾಟಿ, ಇಳಿದು, ಬಗ್ಗಿ ನೋಡುತ್ತೇನೆ. ಹಿಂದಿನವರು ಹಾರ್ನ್ ಹೊಡೆದು ಬೈಯುತ್ತಾರೆ, ಬೈಯಲಿ. ರೇಣುಕಾಗೆ ನೌಕರಿ ಸಿಕ್ಕಿದೆ, ಮುದ್ದೇಬಿಹಾಳದಲ್ಲಿ ಮನೆ ಮಾಡಿದ್ದಾಳೆ. ಅಕ್ಕ ಮಾತ್ರ ಹಟ ಬಿಟ್ಟಿರಲಿಲ್ಲ. ಎಲ್ಲಿಗೆ ಹೋದರೂ ಬಸ್ಸು. ನಾನು ಬಸ್‌ಸ್ಟ್ಯಾಂಡಿನವರೆಗೆ ನಡೆದು ಹೋಗಿ ಕಳಿಸಿ ಬರುತ್ತಿದ್ದೆ.

ಮೊನ್ನೆ ಅವಳೇ ಫೋನು ಮಾಡಿದಳು. "ರೇಣುಕಾನ ಮನಿಗೆ ಹೋಗಬೇಕೋ. ಮೊಣಕಾಲು ನೋಯಾಕತ್ತಾವು. ನಿನ್ನ ಗಾಡಿ ಐತೇನು?" ಅದಕ್ಕೇ ನಿನ್ನೆ ಗ್ಯಾರೇಜು.

ಇವತ್ತು ಬೆಳಿಗ್ಗೆ ಅಕ್ಕ ಹಿಂದಿನ ಸೀಟಿನಲ್ಲಿ ಕುಳಿತಳು. ಬಾಗಿಲು ಎಳೆದುಕೊಂಡಳು. ಒಳಗಿನಿಂದ ಒಮ್ಮೆ ತೆರೆದಳು, ಮುಚ್ಚಿದಳು. ಮತ್ತೊಮ್ಮೆ ತೆರೆದಳು, ಮುಚ್ಚಿದಳು. ನಾನು ಕೀಲಿ ತಿರುಗಿಸದೆ ಕಾಯುತ್ತಿದ್ದೆ.

"ಹೂಂ," ಎಂದಳು. "ನಡಿ ತಮ್ಮಾ."