ಅಕ್ಕನ ಕನ್ನಡಕದ ಮೇಲ್ಭಾಗ

ಶಿಡ್ಲಘಟ್ಟದಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಆ ಕೆಲಸ ಕಲಿಯಲು ಓದಿಸಿದವಳು ಅಕ್ಕ. ಅಪ್ಪ ಹೋದ ಮೇಲೆ ಬಿಸಿನೀರಿನ ತೊಟ್ಟಿಯ ಮುಂದೆ ಕೂತು, ರೇಷ್ಮೆಗೂಡಿನಿಂದ ನೂಲು ತೆಗೆದೂ ತೆಗೆದೂ ನನ್ನನ್ನು ದಡ ಸೇರಿಸಿದಳು.

ನಲವತ್ತೈದು ದಾಟಿದ ಮೇಲೆ ಅವಳಿಗೆ ಎಳೆ ಕಾಣದಾಯಿತು. ನಡುವೆ ಗೆರೆಯಿರುವ ಕನ್ನಡಕ ಕೊಟ್ಟಿದ್ದೆ. ಆ ಗೆರೆ ಅಡ್ಡ ಬರ್ತದೆ ಅಂತ ಗೊಣಗುತ್ತಿದ್ದಳು. ಎಳೆ ಹಿಡಿಯಲಾಗದಿದ್ದರೆ ಕೆಲಸ ಬಿಡಬೇಕು. ಕೆಲಸ ಬಿಟ್ಟರೆ ಅಕ್ಕ ಅಕ್ಕನೇ ಅಲ್ಲ. ಅಷ್ಟರಲ್ಲಿ ಬೆಂಗಳೂರಿನ ಲ್ಯಾಬೊಂದರಿಂದ ಪರೀಕ್ಷೆಗೆಂದು ಹೊಸ ಬಗೆಯ ಲೆನ್ಸ್ ಬಂತು. ಪವರ್ ಬದಲಾಗುವುದು ಅದರ ಮೈಯ ಉಬ್ಬಿನಲ್ಲಲ್ಲ, ಪ್ಲಾಸ್ಟಿಕ್ಕಿನ ಒಳಗೇ, ಮೇಲಿಂದ ಕೆಳಕ್ಕೆ ಮೆಲ್ಲಗೆ. ಗೆರೆಯಿಲ್ಲ, ಪಕ್ಕಕ್ಕೆ ನೋಡಿದರೂ ಕಣ್ಣೆದುರಿನದು ಅಷ್ಟಾಗಿ ತೂಗಾಡುವುದಿಲ್ಲ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಕ್ಕನನ್ನು ಅಂಗಡಿಯ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ ಅಳತೆ ತೆಗೆದೆ. ಮೇಲೆ ದೂರಕ್ಕೆ, ಕೆಳಗೆ ಹತ್ತಿರಕ್ಕೆ, ಪೇಪರ್ ಓದುವ ಮೇಷ್ಟ್ರುಗಳಿಗೆ ಮಾಡುವ ಹಾಗೇ.

ಕೇಳಿದಾಗಲೆಲ್ಲ ಚೆನ್ನಾಗಿದೆ ಅಂದಳು. ನಾನೂ ಬಂದವರಿಗೆಲ್ಲ ಕೊಚ್ಚಿಕೊಂಡೆ.

ತಿಂಗಳಾದ ಮೇಲೆ ಅವರೆಕಾಳಿನ ಸಾರು ಬಡಿಸುವಾಗ ಅವಳ ಬೆರಳು ನೋಡಿದೆ. ತುದಿಯೆಲ್ಲ ಬೊಬ್ಬೆ. ಗದರಿದ ಮೇಲೆ ಬಾಯಿ ಬಿಟ್ಟಳು. ತೊಟ್ಟಿಯೊಳಗಿನ ಗೂಡೇನೋ ಕಾಣುತ್ತದಂತೆ. ಆದರೆ ಎಳೆ ಅಲ್ಲಿಂದ ಮೇಲೇರಿ, ಹಣೆಯ ಮಟ್ಟದ ಸಣ್ಣ ತೂತಿನಲ್ಲಿ ನುಸುಳಿ ರಾಟೆಗೆ ಹೋಗಬೇಕಲ್ಲ, ಅಲ್ಲಿ ಬರೀ ಮಂಜಂತೆ. ಎಳೆ ಕಡಿಯಿತೋ ಇಲ್ಲವೋ ತಿಳಿಯಲು ಬೆರಳನ್ನು ಬಿಸಿನೀರಲ್ಲೇ ಇಟ್ಟುಕೊಂಡು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಯಾಕೆ ಹೇಳಲಿಲ್ಲ ಅಂತ ರೇಗಿದೆ.

"ನೀನು ಊರಿಗೆಲ್ಲ ಹೇಳ್ಕೊಂಡು ಬಂದಿದ್ದೆ ಕಣಪ್ಪ," ಅಂದಳು.

ಥೂ, ನನ್ನ ಜನ್ಮಕ್ಕಿಷ್ಟು! ಆ ತೊಟ್ಟಿಯ ಪಕ್ಕದಲ್ಲೇ ತೆವಳಿ ಬೆಳೆದವನು, ಎಳೆ ಮೇಲಕ್ಕೆ ಹೋಗುತ್ತದೆ ಅನ್ನುವುದನ್ನೇ ಮರೆತಿದ್ದೆ.

ಲ್ಯಾಬಿಗೆ ಬರೆದೆ. ಮೇಲ್ಭಾಗದಲ್ಲೂ ಹತ್ತಿರದ ಪವರ್ ಕೂರಿಸಿ ಕಳಿಸಲು ಅವರಿಗೆ ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಬೊಬ್ಬೆಗಳು ಒಣಗಿ, ಬೆರಳ ತುದಿ ಗಟ್ಟಿಯಾಗಿ ಹೋಗಿತ್ತು. ಈ ಸಲ ಅಂಗಡಿಯಲ್ಲಲ್ಲ, ತೊಟ್ಟಿಯ ಮುಂದೆಯೇ ಕೂರಿಸಿ ತೊಡಿಸಿದೆ. ಕೆಳಗೆ ನೋಡಿದಳು, ಮೇಲೆ ನೋಡಿದಳು. ಆಮೇಲೆ ನೀರಿಗೆ ಕೈ ಹಾಕಿ ಎಳೆಯ ತುದಿ ಹಿಡಿಯಲು ಹೋದಳು. ಒಂದು ಸಲ, ಎರಡು ಸಲ, ಐದು ಸಲ. ಎಳೆ ಜಾರುತ್ತಲೇ ಇತ್ತು.

"ಚೆನ್ನಾಗಿ ಕಾಣ್ತದೆ ಕಣಪ್ಪ," ಅಂದಳು. "ಕೈಗೇ ತಿಳೀತಿಲ್ಲ."