ಮಾಳಿಗೆಯಿಂದ ಮಾಳಿಗೆಗೆ ಹೋದ ಕೂಗು

ಸಂಕ್ರಾಂತಿ ಬಂತೆಂದರೆ ಹೈದರಾಬಾದಿನಲ್ಲಿ ಯಾರೂ ನೆಲದ ಮೇಲೆ ಇರುತ್ತಿರಲಿಲ್ಲ, ಆಗಿನ ಮಾತು ಇದು. ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ. ಎಲ್ಲರೂ ಮಾಳಿಗೆ ಹತ್ತಿ ಪತಂಗ ಹಾರಿಸುತ್ತಿದ್ದರೆ, ಕೆಳಗೆ ಅಜ್ಜಿ ಒಬ್ಬಳೇ ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚುತ್ತ ಕೂತಿರುತ್ತಿದ್ದಳು. ಮೊಣಕಾಲು ನೋವು, ಮೆಟ್ಟಿಲ ಗೊಡವೆಗೇ ಹೋಗುತ್ತಿರಲಿಲ್ಲ.

ಆ ವರ್ಷ ಅಡುಗೆಮನೆಯ ಬೆಳಕಿಂಡಿಯಲ್ಲಿ ಒಂದು ಪಾರಿವಾಳ ಮರಿ ಮಾಡಿತ್ತು. "ಮನಿಯೆಲ್ಲಾ ಹೊಲಸು ಮಾಡ್ತಾಳ ಮೂಳಿ" ಎಂದು ಬೈಯುತ್ತಲೇ ಅಜ್ಜಿ ಅದಕ್ಕೆ ಜೋಳ ಚೆಲ್ಲುತ್ತಿದ್ದಳು. ಗಂಗವ್ವ ಅಂತ ಹೆಸರೂ ಇಟ್ಟಿದ್ದಳು.

ಹಬ್ಬದ ಮಧ್ಯಾಹ್ನ ಗಂಗವ್ವ ಅಂಗಳಕ್ಕೆ ಬಿದ್ದಳು. ಪತಂಗದ ಮಾಂಜಾ, ಗಾಜಿನ ಪುಡಿ ಹಚ್ಚಿದ ದಾರ, ರೆಕ್ಕೆ ಕೊಯ್ದಿತ್ತು. ಬೆಳಕಿಂಡಿಯಲ್ಲಿ ಪುಕ್ಕ ಮೂಡದ ಮರಿಗಳು ಚೀರುತ್ತಿದ್ದವು.

"ಇದು ಹ್ವಾದ್ರ ಅವೂ ಹೋಗ್ತಾವ" ಎಂದಳು ಅಜ್ಜಿ.

ಅಪ್ಪ ದನದ ದವಾಖಾನೆಗೆ ಓಡಿ ಹೋಗಿ, ಬೆವರಿಳಿಸುತ್ತ ವಾಪಸು ಬಂದ. "ಬೀಗ ಹಾಕ್ಯಾರವ್ವ. ಹಬ್ಬದ ಸೂಟಿ."

ನಾನು ಅಳಲು ಶುರುಮಾಡಿದೆ. ಅಜ್ಜಿ ಹಕ್ಕಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿದಳು. ಎದುರು ಮಾಳಿಗೆಯ ಕಡೆ ತಿರುಗಿ ಕೂಗಿದಳು. "ಜುಬೇದಾಬೀ, ಕಬೂತರ್ ಕಟ್ ಗಯಾ ನೋಡ್ರಿ. ಜಾನವರ್ ಕಾ ಡಾಕ್ಟರ್ ಕೋ ಬುಲಾವ್‌ರಿ."

ಅಜ್ಜಿಯ ಹಿಂದಿಗೆ ನಾವು ಬಿದ್ದು ಬಿದ್ದು ನಗುವವರು. ಅಂದು ಯಾರಿಗೂ ನಗು ಬರಲಿಲ್ಲ. ಜುಬೇದಾಬೀ ಹಿಂದಿನ ಮಾಳಿಗೆಗೆ ಕೂಗಿದಳು. ಅಲ್ಲಿಂದ ಅದು ತೆಲುಗಿನಲ್ಲಿ ಮುಂದೆ ಹೋಯಿತು, ಆಮೇಲೆ ಮರಾಠಿಯಲ್ಲಿ, ಆಮೇಲೆ ನಮಗೆ ಕೇಳಿಸಲಿಲ್ಲ. ಹಕ್ಕಿಯ ಎದೆ ಅಜ್ಜಿಯ ಅಂಗೈಯಲ್ಲಿ ಹೊಡೆದುಕೊಳ್ಳುತ್ತಿತ್ತು. ಕೊನೆಗೆ ಅದೇ ದಾರಿಯಲ್ಲಿ ಉತ್ತರ ಬಂತು: "ಆ ರಹೇ ಹೈಂ." ಡಾಕ್ಟರು ಬರುತ್ತಿದ್ದಾರಂತೆ.

ಬಂದವರು ಅದೇ ದವಾಖಾನೆಯ ಡಾಕ್ಟರು, ಬೀದರ ಕಡೆಯವರು. ಆಚೆ ಗಲ್ಲಿಯಲ್ಲಿ ಮಾವನ ಮನೆಯ ಮಾಳಿಗೆಯ ಮೇಲೆ ಪತಂಗ ಹಾರಿಸುತ್ತಿದ್ದರಂತೆ. ಬೆರಳಿಗೆಲ್ಲ ಪಟ್ಟಿ, ಹೆಗಲಲ್ಲಿ ಔಷಧದ ಚೀಲ.

"ಸೂಟಿ ದಿನಾನೂ ಬಿಡಂಗಿಲ್ಲಲ್ರಿ ಅಜ್ಜಿ" ಎಂದು ನಗುತ್ತ ಕೂತು ಹೊಲಿಗೆ ಹಾಕಿದರು. "ತಾಯಿ ಮಕ್ಕಳನ್ನ ಒಂದ ಬುಟ್ಟ್ಯಾಗ ಇಡ್ರಿ. ಉಳೀತಾಳ."

ಅಜ್ಜಿ ಅವರ ಕೈಗೆ ಕುಸುರೆಳ್ಳು ಹಾಕಿದಳು. "ಎಳ್ಳು ಬೆಲ್ಲದಂಗ ಇರೂಣು, ಡಾಕ್ಟರ." ಆಮೇಲೆ ಕೂಗು ಹೋದ ದಾರಿ ಹಿಡಿದು, ಮಾಳಿಗೆಯಿಂದ ಮಾಳಿಗೆಗೆ, ಕುಸುರೆಳ್ಳಿನ ತಾಟೂ ಹೋಯಿತು. ಗಂಗವ್ವ ಉಳಿದಳು, ಮರಿಗಳೂ ಉಳಿದವು.

ಈಗ ನಾನು ಅದೇ ಹೈದರಾಬಾದಿನ ಮಣಿಕೊಂಡದಲ್ಲಿ, ಒಂಬತ್ತನೇ ಅಂತಸ್ತಿನಲ್ಲಿದ್ದೇನೆ. ಕಳೆದ ಸಂಕ್ರಾಂತಿಗೆ ಬಾಲ್ಕನಿಯ ಬಲೆಗೆ ಒಂದು ಪಾರಿವಾಳ ಸಿಕ್ಕಿಬಿತ್ತು, ರೆಕ್ಕೆಯಲ್ಲಿ ಅದೇ ಮಾಂಜಾ. ಹಕ್ಕಿಗಳನ್ನು ಕಾಪಾಡುವ ಸಂಸ್ಥೆಗೆ ಫೋನ್ ಮಾಡಿದೆ. ಹಬ್ಬವೆನ್ನದೆ ವ್ಯಾನು ಬಂತು. ಸುಳ್ಳೇಕೆ ಹೇಳಲಿ, ಬಂದ ಹುಡುಗರು ಬಂಗಾರದಂಥವರು. ಹಕ್ಕಿ ಉಳಿಯಿತೆಂದು ಸಂಜೆ ಮೆಸೇಜೂ ಬಂತು.

ಅಜ್ಜಿ ಬಹಳ ನೆನಪಾದಳು. ಕುಸುರೆಳ್ಳಿನ ತಾಟು ಹಿಡಿದು ಬಾಲ್ಕನಿಗೆ ಬಂದೆ. ಎದುರಿನ ಕಟ್ಟಡದಲ್ಲಿ ಮನೆ ಮನೆಗೂ ದೀಪ ಹತ್ತಿತ್ತು. ಹಕ್ಕಿ ಉಳಿಯಿತು ಅಂತ ಕೂಗಿ ಹೇಳಬೇಕೆನಿಸಿತು. ಬಾಯಿ ತೆರೆದೆ. ಯಾರ ಹೆಸರು ಹಿಡಿದು ಕೂಗಲಿ?