ಸಾಲು ಕಂಡಲ್ಲಿ ನಿಲ್ಲುವವನು

ಇವತ್ತು ಬೆಳಿಗ್ಗೆ ಬೈಲಹೊಂಗಲದ ಬಜಾರಿನಲ್ಲಿ ಒಂದು ಸಾಲು ಕಂಡಿತು, ಹೋಗಿ ನಿಂತೆ. ಅರ್ಧ ತಾಸಿನ ಮೇಲೆ ಕಿಟಕಿಯ ಹುಡುಗಿ, "ನಿಮ್ಮ ಎಮ್ಮಿಗೆ ಎಷ್ಟ ವರ್ಷರಿ?" ಎಂದಳು. ನಮ್ಮ ಮನೆಯಲ್ಲಿ ಎಮ್ಮೆಯೇ ಇಲ್ಲ! ಅದು ದನಗಳ ಚುಚ್ಚುಮದ್ದಿನ ಚೀಟಿಯ ಸಾಲಂತೆ. ನಗಬೇಡಿ. ನಾನು ಉಗರಗೋಳದವನು. ಯಲ್ಲಮ್ಮನ ಗುಡ್ಡದ ಮಗ್ಗುಲಲ್ಲಿ ಬೆಳೆದವರಿಗೆ, ಸಾಲಿನ ಕೊನೆಗೆ ಪ್ರಸಾದ ಇದ್ದೇ ಇರುತ್ತದೆಂಬ ನಂಬಿಕೆ.

ಈ ಚಟ ಒಮ್ಮೆ ನನ್ನನ್ನು ವಿಚಿತ್ರ ಜಾಗಕ್ಕೆ ಒಯ್ದಿತ್ತು. ಆಗ ನಾನು ಇದೇ ಬೈಲಹೊಂಗಲದ ಶಾಲೆಯಲ್ಲಿ ಮಾಸ್ತರ. ಜೊತೆಗಿದ್ದ ಶಿಕ್ಷಕಿ ಕ್ರಿಸ್ತೀನಾಬಾಯಿ ತಮ್ಮ ಚರ್ಚಿನ ಹಬ್ಬದ ಊಟಕ್ಕೆ ಕರೆದಿದ್ದರು. ಒಳಗೆ ಹತ್ತು ಮಂದಿ ಸಾಲಾಗಿ ನಿಂತಿದ್ದರು. ನಾನೂ ನಿಂತೆ. ಪಾಳಿ ಬಂತು. ಪರದೆ ಸರಿಸಿದರೆ ಜಾಲರಿಯ ಆಚೆ ವಯಸ್ಸಾದ ಪಾದ್ರಿಗಳು. ಬೊಗಸೆ ಒಡ್ಡಿದೆ.

"ಇಲ್ಲೇನೂ ಕೊಡೂದಿಲ್ರಿ," ಎಂದರು ನಗು ತಡೆದು. "ಇದು ಪಾಪ ಹೇಳ್ಕೊಳ್ಳೂ ಜಾಗಾ."

ಹೊರಗೆ ಬರಬಹುದಿತ್ತು. ಆದರೆ ಹದಿನೈದು ದಿನದಿಂದ ನನಗೆ ನಿದ್ದೆಯಿರಲಿಲ್ಲ. ನಮ್ಮಲ್ಲಿ ನಳಕ್ಕೆ ನೀರು ವಾರಕ್ಕೊಮ್ಮೆ. ಒಂದು ಶನಿವಾರ ಶಾಲೆಯ ಮೇಲಂತಸ್ತಿನ ನಳ ತಿರುವಿದೆ, ನೀರಿಲ್ಲ. ಬಂದ್ ಮಾಡದೆ ಹಾಗೇ ಬಿಟ್ಟು ಮನೆಗೆ ಹೋದೆ. ರವಿವಾರ ನೀರು ಬಂದು, ಕೆಳಗಿನ ಕೋಣೆಯ ಹಳೆಯ ದಾಖಲಾತಿ ಪುಸ್ತಕಗಳೆಲ್ಲ ತೊಯ್ದು ಮುದ್ದೆಯಾದವು. ಕೀಲಿ ಹಾಕುತ್ತಿದ್ದ ಜವಾನ ಮಕಬೂಲನನ್ನು ಕೆಲಸ ಬಿಡಿಸಿದರು. ನಾನು ಬಾಯಿ ಬಿಡಲಿಲ್ಲ. ಎಂಥ ಹೇಡಿ!

ಜಾಲರಿಗೆ ಬಾಯಿ ಹಚ್ಚಿ ಎಲ್ಲ ಹೇಳಿದೆ. "ದೇವರು ಕ್ಷಮಿಸ್ತಾನೇನ್ರಿ?"

"ನೀವು ನಮ್ಮ ಮತದವರಲ್ಲ, ನಮ್ಮ ಸಂಸ್ಕಾರ ಕೊಡಾಕ ಬರೂದಿಲ್ಲ. ಆದ್ರ ಅವನ ದಯಾ ಯಾರಿಗೂ ಕಮ್ಮಿ ಬೀಳೂದಿಲ್ರಿ."

"ಹಂಗಾರ ಅವನೇ ನನ್ನ ಬಾಯಿಂದ ಖರೇ ಹೇಳಸಲಿ."

"ಅದನ್ನ ಮಾತ್ರ ಮಾಡೂದಿಲ್ಲ. ಹೇಳೂದು, ಬಿಡೂದು ನಿಮ್ಮ ಕೈಯಾಗ ಕೊಟ್ಟಾನ. ಅವನೇ ನಿಮ್ಮ ಕೈ ಹಿಡದ ಎಳದ್ರ, ಅದು ನೀವು ಹೇಳಿದಂಗ ಹೆಂಗ ಆತು?"

ಹಾಳಾದ ಸ್ವಾತಂತ್ರ್ಯ! ಸೋಮವಾರ ಹೆಡ್‌ಮಾಸ್ತರರ ಬಾಗಿಲವರೆಗೆ ಎರಡು ಸಲ ಹೋಗಿ ತಿರುಗಿ ಬಂದೆ. ಮೂರನೆಯ ಸಲ ಒಳಗೆ ಹೋಗಿ ಹೇಳಿದೆ. ಬೈದರು, ಮಕಬೂಲನನ್ನು ಮತ್ತೆ ಕರೆಸಿದರು. "ಮಾಸ್ತರ ಮಂದಿ ಮಾನದ ಪ್ರಶ್ನೆ, ಇದು ಈ ಕೋಣಿಯಾಗ ಇರಲಿ," ಎಂದರು. ಇರಲಿ ಎಂದು ನಾನೂ ಒಪ್ಪಿದೆ.

ಮಕಬೂಲನ ಮನೆಗೂ ಹೋಗಿದ್ದೆ. "ಗೊತ್ತಿತ್ರಿ ಸರ," ಎಂದ. "ಅವತ್ತು ಮ್ಯಾಲೆ ಹೋದವರು ನೀವೊಬ್ಬರ."

"ಮತ್ತ ಯಾಕ ಹೇಳಲಿಲ್ಲೋ?"

"ನೀವ ಹೇಳತೀರಿ ಅಂತ ಕಾಯಾಕ ಹತ್ತಿದ್ನಿ." ಚಹಾ ತಂದುಕೊಟ್ಟ. ನಾನು ಕುಡಿಯಲಾರದೆ ಅತ್ತುಬಿಟ್ಟೆ.

ಇವತ್ತಿನ ಸಾಲಿನ ವಿಷಯ ನಿಮಗೆ ಪೂರ್ತಿ ಹೇಳಲಿಲ್ಲ. ನನ್ನ ಮುಂದೆ ನಿಂತಿದ್ದವನು ನನ್ನ ಹಳೆಯ ವಿದ್ಯಾರ್ಥಿ, ಈಗ ತಲೆ ನೆರೆತವನು. ಶಾಲೆಯ ಮಾತು ಬಂತು. "ನಳಾ ಬಿಟ್ಟ ಸಾಲಿ ತೋಯ್ಸಿದ್ನಲ್ರಿ ಮಕಬೂಲ!" ಎಂದು ನಕ್ಕ. ಈ ಚೇಷ್ಟೆಯ ಮಾತು ಈ ಊರಿನಲ್ಲಿ ಇನ್ನೂ ಇದೆ. ಕೇಳಿದಾಗಲೆಲ್ಲ ನಾನೂ ನಕ್ಕಿದ್ದೇನೆ. ಇವತ್ತು ನಗು ಬರಲಿಲ್ಲ.

"ಅವನಲ್ಲೋ, ತಮ್ಮಾ," ಎಂದೆ, ಗಟ್ಟಿಯಾಗಿ. "ನಳಾ ಬಿಟ್ಟವ ನಾನು."

ಇಡೀ ಸಾಲು ತಿರುಗಿ ನೋಡಿತು. ನನ್ನ ಕೈಯನ್ನು ಯಾರೂ ಹಿಡಿದು ಎಳೆದಿರಲಿಲ್ಲ.